ಚಿಂಚೋಳಿಯ ಹಳ್ಳದಲ್ಲಿ ಹಳೆಯದು ಯಾವುದು?

ಪ್ರಶ್ನೆ: ನಾನು ಕಲಬುರಗಿಯಲ್ಲಿ ಬ್ಯಾಂಕ್ ನೌಕರ. ತಂಗಿಯ ಮಗ ಇಂಗ್ಲೆಂಡಿನ ಡರ್ಹಮ್‌ನಲ್ಲಿ ಓದುತ್ತಿದ್ದಾನೆ. ಅಲ್ಲಿಯ ಕ್ಯಾಸಲ್ ಈಡನ್ ಡೀನ್ ಎಂಬ ಕಾಡುಕಣಿವೆಯಲ್ಲಿ ನಡೆದಾಡಿದ ಫೋಟೊಗಳನ್ನು ಕಳಿಸಿ, ‘ಇದು ಪ್ರಾಚೀನ ಕಾಡು ಮಾಮಾ, ನಮ್ಮ ಬಿಸಿಲೂರಿನಲ್ಲಿ ಇಂಥದ್ದು ಎಲ್ಲಿದೆ?’ ಎಂದು ಕೆಣಕುತ್ತಿದ್ದಾನೆ. ಚಿಂಚೋಳಿ ಕಾಡಿನ ಹೆಸರು ಕೇಳಿದ್ದೇನೆ, ಹೋಗಿಲ್ಲ. ಅದನ್ನು ಪ್ರಾಚೀನ ಎನ್ನಬಹುದೇ? ಡಿಸೆಂಬರಿನಲ್ಲಿ ಅವನು ಬಂದಾಗ ಕರೆದೊಯ್ಯುವ ಆಸೆ. ಏನನ್ನು ನೋಡಬೇಕು, ಯಾವುದಕ್ಕೆ ಅಂಜಬೇಕು? 68 ವರ್ಷದ ನಮ್ಮ ತಾಯಿಯವರೂ ಬರುತ್ತೇನೆ ಎನ್ನುತ್ತಿದ್ದಾರೆ. ಅವರಿಗೆ ಮೊಣಕಾಲು ನೋವಿದೆ.

ಉತ್ತರ: ನಿಮ್ಮ ಅಳಿಯನಿಗೆ ಮೊದಲು ಒಂದು ಮಾತು ತಿಳಿಸಿ. ಅವನು ನಡೆದ ಆ ಕಣಿವೆಯನ್ನು ಕೊರೆದದ್ದು ಕೊನೆಯ ಹಿಮಯುಗ ಮುಗಿಯುವಾಗ ಕರಗಿ ಹರಿದ ನೀರು. ಎಂದರೆ ಹತ್ತು ಹದಿನೈದು ಸಾವಿರ ವರ್ಷದ ಆಚೀಚೆಯ ಕೆಲಸ. ಇನ್ನು ‘ಪ್ರಾಚೀನ ಕಾಡು’ ಎನ್ನುವುದು ಅಲ್ಲಿ ಬಾಯಿಮಾತಿನ ಹೊಗಳಿಕೆಯಲ್ಲ, ಲೆಕ್ಕದ ಮಾತು. ಇಂಗ್ಲೆಂಡಿನಲ್ಲಿ 1600ನೇ ಇಸವಿಯಿಂದ ಈಚೆಗೆ ಬಿಡುವಿಲ್ಲದೆ ಕಾಡಾಗಿಯೇ ಉಳಿದ ನೆಲಕ್ಕೆ ಆ ಹೆಸರು ಕೊಡುತ್ತಾರೆ. ಅಲ್ಲಿರುವ ಮರಗಳೆಲ್ಲ ನಾನೂರು ವರ್ಷದವು ಎಂದು ಅದರ ಅರ್ಥವಲ್ಲ. ನೆಲ ಮಾತ್ರ ಅಷ್ಟು ಕಾಲ ನೇಗಿಲು ಕಂಡಿಲ್ಲ ಎಂದಷ್ಟೇ ಅರ್ಥ. ಆ ಕಣಿವೆಯಲ್ಲಿ ಕಾಡು ಉಳಿದದ್ದಕ್ಕೂ ಕಾರಣ ಅದೇ: ಇಳಿಜಾರು ಕಡಿದಾಗಿತ್ತು, ಉಳಲು ಬರಲಿಲ್ಲ.

ಚಿಂಚೋಳಿಯಲ್ಲಿಯೂ ಕಾಡನ್ನು ಕಾದದ್ದು ಇಳಿಜಾರೇ. ಸೇಡಂ, ಚಿತ್ತಾಪುರದ ಕಡೆ ಎರೆಮಣ್ಣು ಸಮತಟ್ಟಾಗಿ ಹಾಸಿರುವಲ್ಲಿ ತೊಗರಿ, ಜೋಳ ಬಿಟ್ಟು ಒಂದು ಗೇಣು ನೆಲವೂ ಉಳಿದಿಲ್ಲ. ಚಿಂಚೋಳಿ ದಾಟಿ ಕುಂಚಾವರಂ ಕಡೆಗೆ ಹೊರಟರೆ ನೆಲ ಒಡೆದು ಗುಡ್ಡ, ಹಳ್ಳ, ಮತ್ತೆ ಗುಡ್ಡ ಎಂದಾಗುತ್ತದೆ. ಎತ್ತಿನ ಬಂಡಿ ಹೋಗದ ಕಡೆ ಮರ ಉಳಿದಿದೆ. ಅದರಲ್ಲಿ 134.88 ಚದರ ಕಿಲೋಮೀಟರ್ ಪ್ರದೇಶವನ್ನು 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಿದರು. ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಜೀವಿಧಾಮ ಎಂದು ಅದನ್ನು ಕರೆಯುತ್ತಾರೆ. ಹೆಸರಿನಲ್ಲಿರುವ ‘ಒಣ’ ಎಂಬ ಮಾತು ನೋಡಿ ನಿರಾಶರಾಗಬೇಡಿ. ಹಳ್ಳದೊಳಗೆ ಇಳಿದ ಮೇಲೆ ಆ ಮಾತು ಮರೆತುಹೋಗುತ್ತದೆ.

ಆದರೆ ಗಂಡಿಕೋಟದಂಥ ಆಳದ ಕಂದರ ಕಾಣಬಹುದೆಂದು ಹೋದರೆ ಪೆಚ್ಚಾಗುತ್ತೀರಿ. ಇಲ್ಲಿಯ ಕಣಿವೆಗಳು ಸಣ್ಣವು, ಸೊಟ್ಟವು, ಮರ ಮುಚ್ಚಿದವು. ದೂರದಿಂದ ನಿಂತು ಫೋಟೊ ಹೊಡೆಯುವ ಜಾಗವಲ್ಲ, ಒಳಗೆ ನಡೆಯುವ ಜಾಗ.

ಈಗ ‘ಪ್ರಾಚೀನ’ ಎಂಬ ನಿಮ್ಮ ಪ್ರಶ್ನೆ. ನಾನು ಮೂವತ್ತು ವರ್ಷ ಭೂವಿಜ್ಞಾನ ಪಾಠ ಹೇಳಿದವನು. ವಿದ್ಯಾರ್ಥಿಗಳನ್ನು ಪ್ರತಿ ವರ್ಷ ಈ ಹಳ್ಳಗಳಿಗೆ ಕರೆದೊಯ್ಯುತ್ತಿದ್ದೆ. ಅವರಿಗೆ ಕೇಳುತ್ತಿದ್ದ ಮೊದಲ ಪ್ರಶ್ನೆಯೂ ಇದೇ: ಇಲ್ಲಿ ಹಳೆಯದು ಯಾವುದು? ಎಲ್ಲರೂ ದಪ್ಪ ಮರದತ್ತ ಕೈ ತೋರಿಸುತ್ತಿದ್ದರು. ಕಾಲ ಕೆಳಗೆ ಯಾರೂ ನೋಡುತ್ತಿರಲಿಲ್ಲ.

ಕಾಲ ಕೆಳಗಿನ ಆ ಕರಿಕಲ್ಲಿಗೆ ಸುಮಾರು 6.6 ಕೋಟಿ ವರ್ಷ. ನೆಲ ಸೀಳಿ ಉಕ್ಕಿದ ಲಾವಾ ಪದರದ ಮೇಲೆ ಪದರವಾಗಿ ಹರಡಿ ತಣಿದದ್ದು. ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲವನ್ನು ಈ ಕಲ್ಲು ಮುಚ್ಚಿಕೊಂಡಿದೆ. ಮಹಾರಾಷ್ಟ್ರದ ದೊಡ್ಡ ಪಾಲು ಅದೇ. ನಮ್ಮ ಜಿಲ್ಲೆ ಅದರ ಅಂಚು, ಹೊದಿಕೆಯ ಸೆರಗಿನ ತುದಿ. ಅದರಿಂದಲೇ ಇಲ್ಲಿ ಒಂದು ಅನುಕೂಲವಿದೆ. ಚಿಂಚೋಳಿಯಲ್ಲಿ ಕರಿಕಲ್ಲು ತುಳಿದು, ಬಸ್ಸು ಹತ್ತಿ ಸೇಡಂ, ಶಹಾಬಾದಿಗೆ ಬಂದರೆ ಸೆರಗಿನ ಕೆಳಗಿನ ಸುಣ್ಣಕಲ್ಲು ಕಾಣುತ್ತದೆ. ನಿಮ್ಮ ಮನೆಯ ನೆಲಕ್ಕೆ ಹಾಸಿರುವ ಶಹಾಬಾದ್ ಫರಸಿ ಈ ಕರಿಕಲ್ಲಿಗಿಂತ ಎಷ್ಟೋ ಪಟ್ಟು ಹಿರಿಯದು. ಡರ್ಹಮ್‌ನ ಕಣಿವೆಯೂ ಸುಣ್ಣಕಲ್ಲಿನಲ್ಲಿ ಕೊರೆದದ್ದು, ಆದರೆ ಅಳಿಯನ ಆ ಸುಣ್ಣಕಲ್ಲು ನಮ್ಮ ಫರಸಿಯ ಮುಂದೆ ಕೂಸು. ಕೆಣಕಿದವನಿಗೆ ಇದನ್ನು ಹೇಳಿ.

ಕಲ್ಲು ಅಷ್ಟು ಹಳೆಯದಾದರೂ ಕಣಿವೆ ಅಷ್ಟು ಹಳೆಯದಲ್ಲ. ಇಲ್ಲಿ ಹಿಮ ಇರಲಿಲ್ಲ, ಕರಗುವ ಪ್ರಶ್ನೆಯೂ ಇಲ್ಲ. ವರ್ಷಕ್ಕೆ ನಾಲ್ಕು ತಿಂಗಳ ಮುಂಗಾರು, ಉಳಿದ ಎಂಟು ತಿಂಗಳ ಬಿಸಿಲು, ಇವೆರಡೇ ಕೆಲಸಗಾರರು. ಅವರ ಕೆಲಸದ ರೀತಿ ನೋಡಬೇಕಾದರೆ ಎತ್ತಿಪೋತದಂಥ ಒಂದು ಜಲಪಾತದ ಎದುರು ಕುಳಿತುಕೊಳ್ಳಬೇಕು. (ಎತ್ತಿಪೋತ ತೆಲುಗು ಮಾತು, ಎತ್ತಿ ಸುರಿಯುವುದು ಎಂದು. ತೆಲಂಗಾಣದಲ್ಲಿ ಏತ ನೀರಾವರಿಗೂ ಅದೇ ಪದ ಬಳಸುತ್ತಾರೆ. ಜಲಪಾತಕ್ಕೆ ಇಷ್ಟು ಒಕ್ಕಲುತನದ ಹೆಸರು ಇಟ್ಟವರು ಯಾರೋ, ನನಗೆ ಅವರ ಮೇಲೆ ಪ್ರೀತಿ.)

ಡಿಸೆಂಬರಿನಲ್ಲಿ ನೀರು ಎಳೆಯಾಗಿ ಇಳಿಯುತ್ತಿರುತ್ತದೆ, ಅದು ಒಳ್ಳೆಯದೇ. ನೀರಿನ ಆರ್ಭಟ ಇಲ್ಲದಿದ್ದಾಗ ಕಲ್ಲು ಕಾಣುತ್ತದೆ. ಇಂಥ ಬಂಡೆಗೋಡೆಯಲ್ಲಿ ಕಣ್ಣನ್ನು ಮೇಲಿಂದ ಕೆಳಗೆ ಇಳಿಸಿ. ಮೇಲೆ ಗಟ್ಟಿಯಾದ, ಸೀಳುಗಳಿರುವ ಕರಿಬಂಡೆ. ಅದರ ಕೆಳಗೆ ತೂತುತೂತಾದ, ಜೇನುಹುಟ್ಟಿನಂಥ ಕಲ್ಲು. ಅದು ಹಿಂದಿನ ಲಾವಾ ಪದರದ ನೊರೆ, ಅನಿಲದ ಗುಳ್ಳೆಗಳು ತಪ್ಪಿಸಿಕೊಳ್ಳುವ ಮೊದಲೇ ಗಟ್ಟಿಯಾದದ್ದು. ಆ ತೂತುಗಳಲ್ಲಿ ಬಿಳಿ ಹರಳು ತುಂಬಿಕೊಂಡಿದ್ದರೆ ಬೆರಳಿನಿಂದ ಸವರಿ ನೋಡಿ. ಎರಡು ಪದರಗಳ ನಡುವೆ ಇಟ್ಟಿಗೆ ಬಣ್ಣದ ಒಂದು ಪಟ್ಟಿ ಸಿಕ್ಕಿದರೆ ನಿಮ್ಮ ಅದೃಷ್ಟ. ಒಂದು ಲಾವಾ ತಣಿದ ಮೇಲೆ ಮತ್ತೊಂದು ಬರುವ ತನಕ ಬಿಸಿಲಿಗೆ, ಮಳೆಗೆ ಒಡ್ಡಿಕೊಂಡು ಕೊಳೆತ ನೆಲ ಅದು. ಮೇಲಿನ ಬಂಡೆಯೂ ಕೆಳಗಿನ ಬಂಡೆಯೂ ಕೆಲವು ದಿನಗಳಲ್ಲೋ ವರ್ಷಗಳಲ್ಲೋ ಆದವು. ಗೇಣುದ್ದದ ಆ ಕೆಂಪು ಪಟ್ಟಿ ಮಾತ್ರ ಅವೆರಡಕ್ಕಿಂತ ಹೆಚ್ಚು ಕಾಲವನ್ನು ಹಿಡಿದಿಟ್ಟುಕೊಂಡಿರುತ್ತದೆ.

ಜಲಪಾತದ ಕೆಲಸ ನಡೆಯುವುದೂ ಅಲ್ಲಿಯೇ. ಬೀಳುವ ನೀರು ಮೇಲಿನ ಗಟ್ಟಿ ಬಂಡೆಯನ್ನು ಏನೂ ಮಾಡುವುದಿಲ್ಲ. ಕೆಳಗಿನ ಮೆತ್ತನೆಯ ಪದರವನ್ನು ತುಂತುರಿನಿಂದ, ಒರತೆಯಿಂದ ಒಳಗೊಳಗೆ ತಿನ್ನುತ್ತದೆ. ಮೇಲಿನ ಬಂಡೆ ಸೂರಿನಂತೆ ಮುಂದಕ್ಕೆ ಚಾಚಿ, ಒಂದು ದಿನ ತನ್ನ ಭಾರಕ್ಕೆ ತಾನೇ ಮುರಿದು ಬೀಳುತ್ತದೆ. ಜಲಪಾತ ಅಷ್ಟು ಹಿಂದಕ್ಕೆ ಸರಿಯುತ್ತದೆ. ಮತ್ತೆ ತಿನ್ನುವುದು, ಮತ್ತೆ ಬೀಳುವುದು. ನೀವು ಕೆಳಗಿನಿಂದ ಹತ್ತಿ ಬಂದ ಕಣಿವೆಯೆಂದರೆ ಹೆಚ್ಚಿನಂಶ ಆ ಜಲಪಾತ ಹಿಂದೆ ಹಿಂದೆ ನಡೆದು ಬಂದ ದಾರಿಯೇ. ದಾರಿಯಲ್ಲಿ ಅಡ್ಡಾದಿಡ್ಡಿ ಬಿದ್ದಿರುವ, ಮೂಲೆ ಮುರಿಯದ ದೊಡ್ಡ ಬಂಡೆಗಳು ಒಂದು ಕಾಲದಲ್ಲಿ ಸೂರಾಗಿದ್ದವು. ಆದ್ದರಿಂದ ಹಳ್ಳವನ್ನು ಕೆಳಗಿನಿಂದ ಮೇಲಕ್ಕೆ ನಡೆಯಿರಿ. ಮೇಲಿನಿಂದ ಇಳಿಯುವವರಿಗೆ ಕಥೆ ತಿರುಗುಮುರುಗಾಗಿ ಸಿಗುತ್ತದೆ, ಮೊಣಕಾಲಿಗೂ ಹೆಚ್ಚು ಪೆಟ್ಟು.

ಹಾಸುಬಂಡೆಯ ಮೇಲೆ ದುಂಡಗಿನ ಗುಳಿಗಳು ಕಾಣುತ್ತವೆ, ಥೇಟು ಒರಳು. ಅಜ್ಜಿಯರು ಯಾರೋ ಇಲ್ಲಿ ಖಾರ ಕುಟ್ಟಿರಬೇಕು ಎನ್ನಿಸುತ್ತದೆ. ಮಳೆಗಾಲದ ಸುಳಿಯಲ್ಲಿ ಸಿಕ್ಕಿಕೊಂಡ ಗುಂಡುಕಲ್ಲು ಗರಗರ ತಿರುಗಿ ಕೊರೆದದ್ದು ಅವು. ಕೈ ಹಾಕಿ ನೋಡಿದರೆ ಕೆಲವು ಗುಳಿಗಳ ತಳದಲ್ಲಿ ಆ ಗುಂಡುಕಲ್ಲು ಇನ್ನೂ ಕುಳಿತಿರುತ್ತದೆ. ಕೈ ಹಾಕುವ ಮೊದಲು ಕೋಲು ಹಾಕಿ. ಕಲ್ಲನ್ನು ಅಲ್ಲಿಯೇ ಬಿಡಿ. ವನ್ಯಜೀವಿಧಾಮದಿಂದ ಏನನ್ನೂ ತರುವಂತಿಲ್ಲ ಎಂಬ ಕಾನೂನು ಒಂದು ಕಡೆ, ಬರುವ ಆಷಾಢಕ್ಕೆ ಅದಕ್ಕೆ ಇನ್ನೂ ಕೆಲಸ ಬಾಕಿ ಇದೆ ಎಂಬುದು ಇನ್ನೊಂದು ಕಡೆ.

ಗುಡ್ಡದ ನೆತ್ತಿಯ ಕೆಲವೆಡೆ ಕರಿಕಲ್ಲಿನ ಬದಲು ಕೆಂಪು ಜಂಬಿಟ್ಟಿಗೆ ಸಿಗುತ್ತದೆ. ಅದು ಬೇರೆ ಕಲ್ಲಲ್ಲ. ಲಕ್ಷಾಂತರ ವರ್ಷಗಳ ಮಳೆಯಲ್ಲಿ ಮರಳಿನ ಅಂಶವೆಲ್ಲ ತೊಳೆದುಹೋಗಿ, ಕಬ್ಬಿಣವೂ ಅಲ್ಯೂಮಿನಿಯಮ್ಮೂ ಉಳಿದುಕೊಂಡ ಅದೇ ಕರಿಕಲ್ಲು. ಬೀದರ್ ಕೋಟೆಯ ಕಂದಕ ಕಡಿದದ್ದು ಇದರಲ್ಲಿಯೇ. ಇದು ಸ್ಪಂಜಿನಂತೆ ನೀರು ಕುಡಿಯುತ್ತದೆ. ಕೆಳಗಿನ ಜೇಡಿಪದರ ನೀರನ್ನು ಮುಂದೆ ಬಿಡದಿದ್ದಾಗ ಆ ನೀರು ಗುಡ್ಡದ ಪಕ್ಕೆಯಿಂದ ಒಸರುತ್ತದೆ. ಬೀದರಿನ ನಾನಕ್ ಝೀರಾದ ಸಿಹಿನೀರಿಗೆ, ನರಸಿಂಹ ಝರಣಿಯಲ್ಲಿ ಭಕ್ತರು ಎದೆಮಟ್ಟದ ನೀರಿನಲ್ಲಿ ನಡೆಯುವುದಕ್ಕೆ, ಬಹಮನಿಗಳ ಕಾಲದ ಸುರಂಗ ಬಾವಿಗೆ, ಎಲ್ಲಕ್ಕೂ ಮೂಲ ಈ ಏರ್ಪಾಟೇ. ಚಿಂಚೋಳಿಯ ಇಳಿಜಾರಿನಲ್ಲಿ ಅದನ್ನು ಕಂಡುಹಿಡಿಯಲು ಉಪಕರಣ ಬೇಡ. ಬಂಡೆಗೋಡೆಯ ಮೇಲೆ ಒಂದೇ ಎತ್ತರದಲ್ಲಿ ಪಾಚಿ, ಜರಿಗಿಡ, ಅತ್ತಿಮರದ ಬೇರು ಸಾಲು ಹಿಡಿದಿದ್ದರೆ ಅಲ್ಲಿ ಎರಡು ಪದರಗಳು ಕೂಡುತ್ತವೆ, ನೀರು ಒಸರುತ್ತದೆ ಎಂದು ತಿಳಿಯಿರಿ. ಬೇಸಿಗೆಯಲ್ಲಿ, ಸುತ್ತಲ ಕಾಡೆಲ್ಲ ಎಲೆ ಉದುರಿಸಿ ಕಂದಾದಾಗ, ಆ ಹಸಿರು ಗೆರೆ ಯಾರೋ ಎಳೆದಂತೆ ಎದ್ದು ಕಾಣುತ್ತದೆ. ಹಳ್ಳದೊಳಗಿನ ತಂಪಿನ ಗುಟ್ಟು ಅರ್ಧ ಅದೇ. ಉಳಿದರ್ಧ ನೆರಳಿನದು: ಉತ್ತರಕ್ಕೆ ಮುಖ ಮಾಡಿದ ಇಳಿಜಾರಿಗೆ ಚಳಿಗಾಲದಲ್ಲಿ ಬಿಸಿಲು ಓರೆಯಾಗಿ ಮಾತ್ರ ತಾಗುತ್ತದೆ. ಎದುರುಬದುರಿನ ಎರಡು ದಡಗಳ ಮರಗಳನ್ನು ಹೋಲಿಸಿ ನೋಡಿ, ಎರಡು ಬೇರೆ ಕಾಡುಗಳಂತೆ ಕಾಣುವುದೂ ಉಂಟು.

ಮರಗಳ ವಿಷಯಕ್ಕೆ ಬರೋಣ. ಇಲ್ಲಿ ಸಾಗವಾನಿ, ದಿಂಡಿಗ, ಮತ್ತಿ, ತೂಬರೆ, ಚಾರೋಳಿ, ಮುತ್ತುಗಗಳು ಮುಖ್ಯ. ನೀರಿನ ಪಕ್ಕದಲ್ಲಿ ಹೊಳೆಮತ್ತಿ, ಹೊಂಗೆ, ನೇರಳೆ, ಅತ್ತಿ. ಇವುಗಳಲ್ಲಿ ಹೆಚ್ಚಿನವು ನಿಮ್ಮ ತೊಡೆಯಷ್ಟೋ ಸೊಂಟದಷ್ಟೋ ದಪ್ಪ ಇರುತ್ತವೆ, ಅಷ್ಟೇ. ಇದನ್ನು ನೋಡಿ ‘ಇದೆಂಥ ಪ್ರಾಚೀನ ಕಾಡು’ ಎಂದು ಮೂಗು ಮುರಿಯುವವರಿದ್ದಾರೆ. ಅವರಿಗೆ ನಾನು ಬುಡ ನೋಡಲು ಹೇಳುತ್ತೇನೆ. ಒಂದೇ ಬುಡದಿಂದ ಮೂರು ನಾಲ್ಕು ಕಾಂಡಗಳು ಸುತ್ತುಗಟ್ಟಿ ಎದ್ದಿದ್ದರೆ ಆ ಮರವನ್ನು ಹಿಂದೆ ಕಡಿದಿದ್ದಾರೆ ಎಂದು ಲೆಕ್ಕ. ನಿಜಾಮರ ಕಾಲದಿಂದ ಸೌದೆಗೆ, ತೊಲೆಗೆ, ನೊಗಕ್ಕೆ, ಇದ್ದಿಲಿಗೆ ಇಂಥ ಕಾಡುಗಳನ್ನು ಎಷ್ಟು ಸಲ ಬೋಳಿಸಿದ್ದಾರೋ. ಸಾಗವಾನಿಯೂ ದಿಂಡಿಗವೂ ಕಡಿದಷ್ಟೂ ಚಿಗುರುವ ಜಾತಿ. ಕಾಂಡಕ್ಕೆ ನಲವತ್ತು ವರ್ಷವಿರಬಹುದು, ಅದರ ಕೆಳಗಿನ ಬುಡಕ್ಕೆ ಎಷ್ಟು ಎಂದು ಅದರ ಗಂಟು ನೋಡಿ ಊಹಿಸಬೇಕು. ಇಂಗ್ಲೆಂಡಿನ ಪ್ರಾಚೀನ ಕಾಡುಗಳಲ್ಲಿಯೂ ಹೀಗೆಯೇ ಕಡಿದು ಚಿಗುರಿಸಿದ ಬುಡಗಳೇ ಬಹಳ ಹಿರಿಯವು. ಆ ಮಟ್ಟಿಗೆ ಮಾಮನೂ ಅಳಿಯನೂ ಜಗಳ ನಿಲ್ಲಿಸಬಹುದು.

ನನ್ನದೇ ಒಂದು ಅಳತೆಗೋಲು ಇದೆ, ಶಾಸ್ತ್ರದ್ದಲ್ಲ. ಹಂಬು ಬಳ್ಳಿಗಳನ್ನು ನೋಡುತ್ತೇನೆ. ಕಾಡಿಗೆ ಕೊಡಲಿ ಬಂದಾಗ ಮೊದಲು ಕತ್ತರಿಸುವುದು ಬಳ್ಳಿಯನ್ನು, ಏಕೆಂದರೆ ಅದು ಮರ ಬೀಳಲು ಬಿಡುವುದಿಲ್ಲ. ಹಳ್ಳದ ಯಾವ ಮೂಲೆಯಲ್ಲಿ ತೋಳಿನಷ್ಟು ದಪ್ಪದ ಬಳ್ಳಿ ಮೂರು ಮರಗಳನ್ನು ಕಟ್ಟಿಕೊಂಡು ಜೋಲಾಡುತ್ತದೆಯೋ, ಆ ಮೂಲೆಗೆ ಬಹಳ ಕಾಲದಿಂದ ಕೊಡಲಿ ಇಳಿದಿಲ್ಲ. ಅಂಥ ಮೂಲೆಗಳು ಕೆಲವೇ ಇವೆ, ಎಲ್ಲವೂ ಕಡಿದಾದ ದಡಗಳಲ್ಲಿವೆ.

ಪ್ರಾಣಿಗಳ ಬಗ್ಗೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. ತೋಳ, ಕತ್ತೆಕಿರುಬ, ಕೊಂಡುಕುರಿ, ನರಿ ಇವೆ. ಅವು ನಿಮ್ಮನ್ನು ನೋಡುತ್ತವೆ, ನೀವು ಅವುಗಳ ಹೆಜ್ಜೆ ನೋಡುತ್ತೀರಿ.

ಅಂಜಬೇಕಾದದ್ದಕ್ಕೆ ಬರುತ್ತೇನೆ. ಮೊದಲನೆಯದು ನೀರು. ನಮ್ಮ ಕಡೆ ಸೆಪ್ಟೆಂಬರ್ ಬಹಳ ಸುರಿಯುವ ತಿಂಗಳು, 2020ರಲ್ಲಿ ಅಕ್ಟೋಬರ್ ತಿಂಗಳೂ ಬಿಡಲಿಲ್ಲ. ಒಂದು ಸೆಪ್ಟೆಂಬರಿನಲ್ಲಿ ಹನ್ನೊಂದು ವಿದ್ಯಾರ್ಥಿಗಳೊಂದಿಗೆ ಹಳ್ಳದ ಮಧ್ಯದಲ್ಲಿ ಟೇಪು ಹಿಡಿದು ಪದರದ ದಪ್ಪ ಅಳೆಯುತ್ತಿದ್ದೆ. ನೆತ್ತಿಯ ಮೇಲೆ ಬಿಸಿಲು, ನೀರು ಪಾದದಷ್ಟು. ದಡದಲ್ಲಿ ಆಡು ಕಾಯುತ್ತಿದ್ದ ತಾಂಡಾದ ಮುದುಕಿಯೊಬ್ಬಳು ಆಡುಗಳನ್ನೆಲ್ಲ ಮೇಲಕ್ಕೆ ಅಟ್ಟತೊಡಗಿದಳು. ಆಮೇಲೆ ನಮ್ಮ ಕಡೆ ತಿರುಗಿ, ‘ನಿಮಗೆ ಬೇರೆ ಹೇಳಬೇಕೇನು?’ ಎಂಬಂತೆ ಕೈ ಬೀಸಿದಳು. ‘ಯಾಕೆ ಯಾಡಿ?’ ಎಂದೆ (ಯಾಡಿ ಎಂದರೆ ಲಂಬಾಣಿ ಮಾತಿನಲ್ಲಿ ತಾಯಿ). ‘ನೀರಿನ ಬಣ್ಣ ನೋಡು’ ಎಂದಳು. ತಿಳಿಯಾಗಿದ್ದ ನೀರು ಚಹಾದ ಬಣ್ಣಕ್ಕೆ ತಿರುಗಿತ್ತು, ಅದರ ಮೇಲೆ ಒಣಎಲೆ, ಕಡ್ಡಿ ತೇಲಿ ಬರುತ್ತಿದ್ದವು. ನಾವು ಹತ್ತಿ ನಿಲ್ಲುವಷ್ಟರಲ್ಲಿ ಹಳ್ಳ ಸೊಂಟದ ಮಟ್ಟ ಮುಟ್ಟಿತ್ತು. ಟೇಪು ಹೋಯಿತು, ಒಂದು ಚೀಲ ಕಲ್ಲು ಹೋಯಿತು. ಮಳೆ ಬಿದ್ದದ್ದು ಮೇಲಿನ ಗುಡ್ಡಗಳಲ್ಲಿ, ನಮಗೆ ಕಾಣದಷ್ಟು ದೂರದಲ್ಲಿ. ಕರಿಬಂಡೆ ನೀರು ಹೀರುವುದಿಲ್ಲ, ಇಳಿಜಾರು ತಡೆಯುವುದಿಲ್ಲ, ಬಿದ್ದದ್ದೆಲ್ಲ ಒಟ್ಟಿಗೆ ಬರುತ್ತದೆ. ಭೂವಿಜ್ಞಾನದ ಮೇಷ್ಟರಿಗೆ ಇದು ಪಾಠದಲ್ಲಿ ಗೊತ್ತಿತ್ತು, ಆಡು ಕಾಯುವವಳಿಗೆ ಕಣ್ಣಿನಲ್ಲಿ ಗೊತ್ತಿತ್ತು. ಜೂನ್‌ನಿಂದ ಅಕ್ಟೋಬರ್ ಕೊನೆಯವರೆಗೆ ಹಳ್ಳದ ಪಾತ್ರಕ್ಕೆ ಇಳಿಯಲೇಬೇಡಿ. ಡಿಸೆಂಬರಿನಲ್ಲಿಯೂ ಮೋಡವಿದ್ದ ದಿನ ಬೇಡ.

ಎರಡನೆಯದು ಹೆಜ್ಜೇನು. ಬಂಡೆಗೋಡೆಯ ಸೂರಿನ ಕೆಳಗೆ ಮೊರದಷ್ಟು ಅಗಲದ ಹುಟ್ಟುಗಳು ತೂಗುತ್ತವೆ. ಅತ್ತರು, ಸೆಂಟು ಹಾಕಿಕೊಂಡು ಹೋಗಬೇಡಿ. ಊದುಬತ್ತಿ, ಬೀಡಿ, ಒಲೆ ಯಾವುದರ ಹೊಗೆಯೂ ಬೇಡ. ಎದ್ದರೆ ಕೈ ಬೀಸದೆ ಮುಖ ಮುಚ್ಚಿಕೊಂಡು ಓಡುವುದೊಂದೇ ದಾರಿ. ಮೂರನೆಯದು ಹಾವು. ಡಿಸೆಂಬರಿನ ಬೆಳಗಿನಲ್ಲಿ ಮಂಡಲದ ಹಾವು ಬಂಡೆಯ ಮೇಲೆ ಬಿಸಿಲು ಕಾಯುತ್ತದೆ. ಕಲ್ಲಿನ ಸಂದಿಗೆ ಕೈ ಊರದೆ, ಕಾಲಿಗೆ ಬೂಟು ಹಾಕಿ ನಡೆದರೆ ಅದರ ಪಾಡಿಗೆ ಅದು, ನಿಮ್ಮ ಪಾಡಿಗೆ ನೀವು. ಕಚ್ಚಿದರೆ ಕುಯ್ಯುವುದು, ಬಿಗಿಯಾಗಿ ಕಟ್ಟುವುದು, ಮಂತ್ರ ಹಾಕಿಸುವುದು ಯಾವುದೂ ಬೇಡ. ಕಾಲು ಅಲುಗಿಸದೆ ಹೊತ್ತು ತಂದು ನೇರ ತಾಲೂಕು ಆಸ್ಪತ್ರೆಗೆ. ಇನ್ನು ನಸುಗುನ್ನಿ: ವೆಲ್ವೆಟ್ಟಿನಂಥ ಕಂದು ಕಾಯಿ ಗೊಂಚಲಾಗಿ ತೂಗುತ್ತಿದ್ದರೆ ಅದರ ಕೆಳಗೆ ಹಾಯಬೇಡಿ. ಡರ್ಹಮ್‌ನ ಹುಡುಗನಿಗೆ ಅದರ ಪರಿಚಯ ಇರಲಾರದು. ಒಮ್ಮೆ ಮುಟ್ಟಿದರೆ ಜನ್ಮದಲ್ಲಿ ಮರೆಯುವುದಿಲ್ಲ.

ಹೋಗುವುದು ಕಷ್ಟವೇನಲ್ಲ. ಕಲಬುರಗಿಯಿಂದ ಚಿಂಚೋಳಿಗೆ ಸುಮಾರು 85 ಕಿಲೋಮೀಟರ್, ಬಸ್ಸುಗಳಿವೆ. ಆದರೆ ಕಾಡಿನೊಳಗೆ ನಡೆಯಲು ಅರಣ್ಯ ಇಲಾಖೆಯ ಅನುಮತಿ ಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ವನ್ಯಜೀವಿಧಾಮಕ್ಕೆ ಹಾಗೆಯೇ ನುಗ್ಗುವಂತಿಲ್ಲ. ಎರಡು ವಾರ ಮೊದಲೇ ಚಿಂಚೋಳಿಯ ಅರಣ್ಯ ಕಚೇರಿಯಲ್ಲಿ ಕೇಳಿ, ದಾರಿ ಬಲ್ಲ ಕಾವಲುಗಾರರೊಬ್ಬರನ್ನು ಜೊತೆಗೆ ಕೊಡಲು ವಿನಂತಿಸಿ. ಬೆಳಿಗ್ಗೆ ಏಳಕ್ಕೆ ಹಳ್ಳದ ಬಾಯಿಯಲ್ಲಿದ್ದು ಮಧ್ಯಾಹ್ನ ಒಂದಕ್ಕೆ ಹೊರಗೆ ಬಂದರೆ ಸಾಕು. ಗಂಟೆಗೆ ಒಂದು ಕಿಲೋಮೀಟರಿಗಿಂತ ಹೆಚ್ಚು ನಡೆದರೆ ನೀವು ನೋಡುತ್ತಿಲ್ಲ ಎಂದು ಅರ್ಥ. ಪಾಚಿ ಒಣಗಿದ ಕರಿಬಂಡೆ ಒಳ್ಳೆಯ ಹಿಡಿತ ಕೊಡುತ್ತದೆ, ಪಾಚಿ ಹಸಿಯಾಗಿದ್ದರೆ ಸಾಬೂನು. ಅನುಮಾನ ಬಂದರೆ ಕುಳಿತು ಜಾರಿ, ಮರ್ಯಾದೆ ನೋಡಬೇಡಿ. ಊಟಕ್ಕೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಳ್ಳಿ, ಕೆಡುವುದಿಲ್ಲ, ಕಸವೂ ಆಗುವುದಿಲ್ಲ. ಕುಡಿಯುವ ನೀರು ತಲೆಗೆ ಮೂರು ಲೀಟರ್.

ನಿಮ್ಮ ತಾಯಿಯವರು ಖಂಡಿತ ಬರಲಿ, ಆದರೆ ಹಳ್ಳಕ್ಕಲ್ಲ. ಚಂದ್ರಂಪಳ್ಳಿ ಜಲಾಶಯದ ದಂಡೆಗೆ ವಾಹನ ಹೋಗುತ್ತದೆ. ಒಂದು ಮಡಚುವ ಕುರ್ಚಿ, ಒಂದು ಶಾಲು, ಜೊತೆಗೆ ಮನೆಯವರು ಯಾರಾದರೂ ಒಬ್ಬರು. ಸುತ್ತಲ ಗುಡ್ಡಗಳು ನೀರಿಗೆ ಇಳಿದಂತೆ ಕಾಣುವ ಜಾಗ ಅದು. ನೀವು ಹಳ್ಳದಿಂದ ಕೆಸರು ಮೆತ್ತಿಕೊಂಡು ಬರುವ ಹೊತ್ತಿಗೆ ಅವರು ಅಲ್ಲಿಯ ಮೀನುಗಾರರ ಮನೆತನದ ಕಥೆಯನ್ನೆಲ್ಲ ಕೇಳಿ ಮುಗಿಸಿರುತ್ತಾರೆ. ರೊಟ್ಟಿಯ ಗಂಟನ್ನು ಅವರ ಬಳಿಯೇ ಬಿಟ್ಟು ಹೋಗಿ. ಹಳ್ಳದಲ್ಲಿ ಬಿಚ್ಚಿದರೆ ಮಂಗಗಳು ಬಿಡುವುದಿಲ್ಲ.